ಗುಗ್ಗುಳ: ಧೂಪ ಬೇರೆ, ಮಾತ್ರೆ ಬೇರೆ

ಕೇಳುಗರಿಗೆ ನಮಸ್ಕಾರ.

ಗುಗ್ಗುಳ ಅಂದ ಕೂಡಲೇ ಧೂಪದ ಹೊಗೆ ನೆನಪಾಗುತ್ತದೆ, ಅಲ್ವಾ? ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಬೆಳೆಯುವ ಒಂದು ಮುಳ್ಳುಗಿಡದ ಅಂಟು ಅದು. ತೊಗಟೆಗೆ ಕಚ್ಚು ಹಾಕಿದರೆ ಒಸರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ಜಾಸ್ತಿ ಅಂಟಿನಾಸೆಗೆ ಕಂಡಕಂಡಲ್ಲಿ ಕಚ್ಚಿದರೆ ಗಿಡವೇ ಸಾಯುತ್ತದೆ. ಹಾಗಾಗಿಯೇ ಇಂದು ಅದು ಅಳಿವಿನಂಚಿನಲ್ಲಿದೆ.

ಯೋಗರಾಜ ಗುಗ್ಗುಳು, ಕೈಶೋರ ಗುಗ್ಗುಳು ಎಂಬ ಹೆಸರು ಕೇಳಿರುತ್ತೀರಿ. ಕೀಲುನೋವು, ಬಾವು ಅಂತ ವೈದ್ಯರು ಕೊಡುವ ಗುಳಿಗೆಗಳು. ಧೂಪಕ್ಕೆ ತಂದದ್ದನ್ನೇ ಕುಟ್ಟಿ ಮಾಡಿದ್ದಲ್ಲ ಅವು. ಅಂಟಿನಲ್ಲಿ ಮಣ್ಣು, ತೊಗಟೆ ಎಲ್ಲ ಇರುತ್ತದೆ. ತ್ರಿಫಲೆಯ ಕಷಾಯದಂಥದ್ದರಲ್ಲಿ ಕುದಿಸಿ, ಸೋಸಿ, ಶುದ್ಧಿ ಮಾಡಿದ ಮೇಲೆಯೇ ಅದು ಔಷಧಿ. ಧೂಪದ ಡಬ್ಬಿಯಿಂದ ಚಿಟಿಕೆ ತೆಗೆದು ಬಾಯಿಗೆ ಹಾಕಬೇಡಿ.

ಕೊಲೆಸ್ಟ್ರಾಲ್ ಕಥೆ ಸ್ವಾರಸ್ಯದ್ದು. ಮೇದಸ್ಸಿನ, ಅಂದರೆ ಬೊಜ್ಜಿನ ಬಗ್ಗೆ ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆಯಲ್ಲಿ ಇರುವ ಮಾತನ್ನು ಹಿಡಿದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಿ. ವಿ. ಸತ್ಯವತಿ ಅವರು ಮೊಲಗಳಿಗೆ ಗುಗ್ಗುಳ ಕೊಟ್ಟು ನೋಡಿದರು. ಕೊಲೆಸ್ಟ್ರಾಲ್ ಇಳಿಯಿತು. ಅದು 1966ರ ಮಾತು. ಮುಂದೆ ನಮ್ಮ ದೇಶದಲ್ಲಿ ಇದರ ಸಾರದ ಮಾತ್ರೆಯೂ ಬಂತು. 2003ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆ ಮಾತ್ರ ಬೇರೆಯೇ ಹೇಳಿತು. 103 ಜನ, ಎಂಟು ವಾರ. ಗುಗ್ಗುಳ ತಿಂದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವ ಬದಲು ಶೇಕಡಾ 4–5ರಷ್ಟು ಏರಿತ್ತು! ಕೆಲವರ ಮೈಮೇಲೆ ದದ್ದುಗಳೂ ಎದ್ದವು. ಹಾಗಂತ ಹಳಬರು ಸುಳ್ಳು ಹೇಳಿದರು ಅಂತಲ್ಲ. ಅವರು ಬರೆದದ್ದು ಬೊಜ್ಜಿನ ಬಗ್ಗೆ. ರಕ್ತಪರೀಕ್ಷೆಯ ಚೀಟಿ ಅವರ ಮುಂದೆ ಇರಲಿಲ್ಲ. ನನ್ನನ್ನು ಕೇಳಿದರೆ, ಕೊಲೆಸ್ಟ್ರಾಲ್‌ಗೆ ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಇದನ್ನು ನೆಚ್ಚಿಕೊಳ್ಳಬಾರದು.

ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ ಅನ್ನುತ್ತಾರೆ. ಆಗುತ್ತದೆ. ಹೊಟ್ಟೆ ಕೆಡಬಹುದು, ತಲೆ ನೋಯಬಹುದು. ದದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ. ಬಸುರಿಯರಿಗೆ ಬೇಡವೇ ಬೇಡ. ಥೈರಾಯ್ಡ್ ತೊಂದರೆ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಅನ್ನುವ ಬಿಪಿ ಮಾತ್ರೆಗಳ ಜೊತೆ ಗುಗ್ಗುಳ ಸೇರಿದರೆ, ಆ ಮಾತ್ರೆ ರಕ್ತಕ್ಕೆ ಸೇರುವುದೇ ಕಡಿಮೆಯಾಗುತ್ತದೆ. ಮಾತ್ರೆ ತಪ್ಪಿಸಿಲ್ಲ, ಆದರೂ ಬಿಪಿ ಏಕೆ ಇಳಿಯುತ್ತಿಲ್ಲ ಅಂತ ಡಾಕ್ಟರು ತಲೆ ಕೆರೆದುಕೊಳ್ಳುತ್ತಾರೆ.

ಬೇರೆ ಏನಾದರೂ ತಗೋತೀರಾ ಅಂತ ಅವರು ಕೇಳಿದಾಗ ಆ ಗುಳಿಗೆಯ ಡಬ್ಬಿಯನ್ನೂ ಮೇಜಿನ ಮೇಲಿಡಿ. ನಮಸ್ಕಾರ.