ಹೊಸ ಫೈಟರ್ ಮೀನು ಆಹಾರ ಮುಟ್ಟದಿದ್ದರೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕಡೆಯ ಅಂಗಡಿಗಳಲ್ಲಿ ಫೈಟರ್ ಎಂದು ಮಾರುವ ಬೆಟ್ಟಾ ಮೀನನ್ನು ಮನೆಗೆ ತಂದ ಮೇಲೆ ಕೇಳಿಬರುವ ಮೊದಲ ದೂರು ಒಂದೇ: ಏನು ಹಾಕಿದರೂ ತಿನ್ನುತ್ತಿಲ್ಲ. ಒಂದು ದಿನ ನೋಡುತ್ತಾರೆ, ಎರಡು ದಿನ ನೋಡುತ್ತಾರೆ, ಆಮೇಲೆ ತಡೆಯಲಾರದೆ ಇನ್ನೊಂದು ಚಿಟಿಕೆ ಆಹಾರ ಸುರಿಯುತ್ತಾರೆ. ಅಪಾಯ ಇರುವುದು ಆ ಚಿಟಿಕೆಯಲ್ಲಿ. ಬೆಳೆದ, ಆರೋಗ್ಯವಾಗಿರುವ ಫೈಟರ್ ಒಂದು ವಾರ ಉಪವಾಸವಿದ್ದರೂ ತಡೆದುಕೊಳ್ಳುತ್ತದೆ. ಆದರೆ ತಳಕ್ಕೆ ಬಿದ್ದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಸಣ್ಣ ಗಾಜಿನ ಬಟ್ಟಲಿನಲ್ಲಿ ಅದು ಬಲು ಬೇಗ ಏರಿ ಮೀನಿನ ಕಿವಿರುಗಳನ್ನು ಸುಡುತ್ತದೆ. ಆಗ ಮೀನು ಇನ್ನೂ ತಿನ್ನುವುದಿಲ್ಲ, ಮನೆಯವರು ಇನ್ನೂ ಸುರಿಯುತ್ತಾರೆ.

ಆದ್ದರಿಂದ ಆಹಾರದ ಡಬ್ಬಿ ಬದಿಗಿಟ್ಟು ಮೊದಲು ನೀರಿನ ಕಡೆ ನೋಡೋಣ. ಅದರಲ್ಲೂ ನೀರಿನ ಬಿಸಿ.

ಈ ಮೀನಿನ ಮೂಲ ಥಾಯ್ಲೆಂಡ್ ಮತ್ತು ಅದರ ಅಕ್ಕಪಕ್ಕದ ದೇಶಗಳು. ಭತ್ತದ ಗದ್ದೆ, ಜವುಗು, ನಿಧಾನವಾಗಿ ಹರಿಯುವ ಕಾಲುವೆಗಳ ಬೆಚ್ಚನೆಯ ನೀರಿನಲ್ಲಿ ಬೆಳೆದ ಜಾತಿ. ಅದಕ್ಕೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ಊರುಗಳು. ಧನುರ್ಮಾಸದ ಬೆಳಗಿನ ಜಾವ ಇಲ್ಲಿ ಎಂಥ ಚಳಿ ಎಂದು ನಿಮಗೆ ಹೇಳಬೇಕಾಗಿಲ್ಲ. ಮಲೆನಾಡಿನ ಕಡೆ ಆಷಾಢದ ಮಳೆಯಲ್ಲೂ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಮನೆಯೊಳಗಿನ ತೊಟ್ಟಿಯ ನೀರು 20 ಡಿಗ್ರಿಗೆ ಇಳಿದರೆ ಮೀನಿನ ಜೀರ್ಣಶಕ್ತಿ ಕುಗ್ಗಿ, ಹಸಿವೇ ಆಗುವುದಿಲ್ಲ. ಮೂಲೆಯಲ್ಲಿ, ತಳದ ಹತ್ತಿರ, ಈಜುರೆಕ್ಕೆ ಮಡಚಿಕೊಂಡು ನಿಂತುಬಿಡುತ್ತದೆ. ಮಂಗಳೂರಿನಲ್ಲಿ ಹೀಟರ್ ಇಲ್ಲದೆ ಸಾಕಿದವರ ಮಾತು ಕೇಳಿ ಇಲ್ಲಿಯೂ ಹಾಗೇ ಬಿಟ್ಟರೆ ನಡೆಯುವುದಿಲ್ಲ.

ಹತ್ತರಿಂದ ಹದಿನೈದು ಲೀಟರ್ ತೊಟ್ಟಿಗೆ 25 ವಾಟ್‌ ಹೀಟರ್ ಸಾಕು. ಇಪ್ಪತ್ತು ಲೀಟರ್ ದಾಟಿದರೆ 50 ವಾಟ್‌ನದು. ತಾನಾಗಿಯೇ ಆರಿ ಹೊತ್ತಿಕೊಳ್ಳುವ, ಅಂದರೆ ಥರ್ಮೋಸ್ಟಾಟ್ ಇರುವುದನ್ನೇ ಕೇಳಿ ತನ್ನಿ. ಜತೆಗೆ ಒಂದು ಥರ್ಮಾಮೀಟರ್. ನೀರಿಗೆ ಬೆರಳಿಟ್ಟು ಅಂದಾಜು ಮಾಡುವುದು ಬೇಡ, ಚಳಿಗಾಲದಲ್ಲಿ ನಮ್ಮ ಬೆರಳಿಗೆ 22 ಡಿಗ್ರಿಯ ನೀರೂ ಬೆಚ್ಚಗೆ ಅನ್ನಿಸುತ್ತದೆ. ನೀರು ಬದಲಿಸುವ ಕಾಲು ಗಂಟೆ ಮೊದಲೇ ಹೀಟರ್ ಪ್ಲಗ್ ಕಿತ್ತುಬಿಡಿ. ಕಾದ ಗಾಜು ನೀರಿನಿಂದ ಹೊರಗೆ ಬಂದರೆ ಸೀಳುತ್ತದೆ, ಒದ್ದೆ ಕೈಗೆ ಶಾಕ್ ಹೊಡೆಯುವ ಅಪಾಯ ಬೇರೆ. ಮಳೆಗಾಲದಲ್ಲಿ ಕರೆಂಟ್ ಗಂಟೆಗಟ್ಟಲೆ ಹೋದಾಗ ತೊಟ್ಟಿಯ ಸುತ್ತ ಥರ್ಮೋಕೋಲ್ ಹಾಳೆ ನಿಲ್ಲಿಸಿ, ಮೇಲೆ ದಪ್ಪ ಟವೆಲ್ ಸುತ್ತಿ, ಗಾಳಿಗೆ ಸ್ವಲ್ಪ ಜಾಗ ಬಿಡಿ. ಫಿಲ್ಟರ್ ನಿಂತಿತೆಂದು ಗಾಬರಿ ಬೇಡ. ಈ ಮೀನು ನೀರಿನ ಮೇಲಕ್ಕೆ ಬಂದು ನೇರವಾಗಿ ಗಾಳಿಯನ್ನೂ ಉಸಿರಾಡುತ್ತದೆ.

ಇನ್ನು ನಲ್ಲಿ ನೀರು. ಹಾಸನಕ್ಕೆ ಹೇಮಾವತಿ, ಚಿಕ್ಕಮಗಳೂರಿಗೆ ಯಗಚಿ. ಎರಡೂ ಕ್ಲೋರಿನ್ ಬೆರೆತೇ ಮನೆಗೆ ಬರುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಎಂದರೆ ಕೊಡುತ್ತಾರೆ, ಬಾಟಲಿಯ ಮೇಲೆ ಬರೆದಷ್ಟೇ ಹನಿ ಹಾಕಿ. ಅದಿಲ್ಲದಿದ್ದರೆ ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ಹಗಲು ಒಂದು ರಾತ್ರಿ ಮುಚ್ಚಳವಿಲ್ಲದೆ ಇಟ್ಟು ಬಳಸಿ. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರು ಗಡುಸು. ಫೈಟರ್ ಸಾಧಾರಣ ಗಡುಸಿಗೆ ಹೊಂದಿಕೊಳ್ಳುತ್ತದೆ, ಆದರೆ ನಿಧಾನವಾಗಿ. ಅಂಗಡಿಯ ಕವರನ್ನು ಕಟ್ಟಿದ ಹಾಗೇ ಕಾಲು ಗಂಟೆ ತೊಟ್ಟಿಯ ನೀರಿನ ಮೇಲೆ ತೇಲಿಬಿಡಿ. ಬಾಯಿ ಬಿಚ್ಚಿ, ಐದೈದು ನಿಮಿಷಕ್ಕೊಮ್ಮೆ ತೊಟ್ಟಿಯ ನೀರನ್ನು ಅರ್ಧ ಕಾಫಿ ಲೋಟದಷ್ಟು ಕವರಿಗೆ ಸೇರಿಸುತ್ತ ಬನ್ನಿ. ಅರ್ಧ ಗಂಟೆಯ ನಂತರ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಿ, ಕವರಿನ ನೀರನ್ನು ಹೊರಗೆ ಚೆಲ್ಲಿ.

ಆ ದಿನ ದೀಪ ಹಾಕಬೇಡಿ, ಆಹಾರವನ್ನೂ ಹಾಕಬೇಡಿ. ಟಿವಿಯ ಪಕ್ಕ, ಬಾಗಿಲು ಬಡಿಯುವ ಕಡೆ ತೊಟ್ಟಿ ಬೇಡ. ಕನ್ನಡಿಯ ಎದುರಂತೂ ಬೇಡವೇ ಬೇಡ. ಅಲ್ಲಿ ತನ್ನದೇ ಬಿಂಬವನ್ನು ಶತ್ರುವೆಂದು ತಿಳಿದು ಇಡೀ ದಿನ ಕಿವಿರು ಅರಳಿಸಿ ನಿಲ್ಲುತ್ತದೆ, ತಿನ್ನುವ ಗೊಡವೆಗೇ ಹೋಗುವುದಿಲ್ಲ. ಅಡಗಲು ಒಂದಿಷ್ಟು ಗಿಡ ಇದ್ದರೆ ಧೈರ್ಯ ಬೇಗ ಬರುತ್ತದೆ. ರಸ್ತೆ ಬದಿಯ ಕಾಡುಬಾದಾಮಿ ಮರದಿಂದ ತಾನಾಗಿಯೇ ಉದುರಿ ಒಣಗಿದ ಎಲೆಯನ್ನು ತೊಳೆದು, ಹತ್ತು ಲೀಟರಿಗೆ ಒಂದು ಸಣ್ಣ ಎಲೆಯಂತೆ ಹಾಕಬಹುದು. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಕಿಲ್ಲ. ಔಷಧಿ ಹೊಡೆದ ತೋಟದ ಎಲೆ ಮಾತ್ರ ಬೇಡ.

ಎರಡನೆಯ ದಿನದಿಂದ ಆಹಾರ. ಶೃಂಗೇರಿಯಲ್ಲಿ ತುಂಗೆಯ ಮೀನುಗಳು ಮಂಡಕ್ಕಿಗೆ ಮುಗಿಬೀಳುವುದನ್ನು ನೋಡಿದವರು ಮನೆಯ ಮೀನಿಗೂ ಮಂಡಕ್ಕಿ, ಬ್ರೆಡ್ಡು, ಅನ್ನದ ಅಗುಳು ಹಾಕಿ ನೋಡುತ್ತಾರೆ. ಫೈಟರ್ ಆ ಪಂಗಡದ್ದಲ್ಲ. ಅದು ಹುಳುಹುಪ್ಪಟೆ ತಿಂದು ಬದುಕುವ ಮಾಂಸಾಹಾರಿ. ಬಾಯಿ ಮೇಲ್ಮುಖವಾಗಿದೆ, ನೀರಿನ ಮೇಲೆ ಬಿದ್ದದ್ದನ್ನು ಕಚ್ಚುವ ಬಾಯಿ ಅದು. ಹಾಗಾಗಿ ತೇಲುವ ಫೈಟರ್ ಪೆಲೆಟ್, ಅಂದರೆ ಸಣ್ಣ ಗುಳಿಗೆಯಂಥ ಆಹಾರ ಬೇಕು, ಸಾಸಿವೆ ಕಾಳಿನ ಗಾತ್ರ ಮೀರಬಾರದು. ಡಬ್ಬಿಯ ಹಿಂದೆ ಬರೆದಿರುವ ಪಟ್ಟಿಯಲ್ಲಿ ಮೀನು, ಸಿಗಡಿ ಅಥವಾ ಹುಳುವಿನ ಹೆಸರು ಮೊದಲು ಇರಲಿ; ಗೋಧಿ, ಸೋಯಾ ಮೊದಲಿದ್ದರೆ ಬೇರೆ ಡಬ್ಬಿ ಕೇಳಿ.

ಆಹಾರ ಹಾಕುವಾಗ ಫಿಲ್ಟರ್ ನಿಲ್ಲಿಸಿ, ಇಲ್ಲದಿದ್ದರೆ ಪೆಲೆಟ್ ಸುಳಿಗೆ ಸಿಕ್ಕಿ ಮೂಲೆ ಸೇರುತ್ತದೆ. ಒಂದೇ ಒಂದು ಪೆಲೆಟ್ ಅನ್ನು ಮೀನಿನ ಮುಂದೆ, ಎರಡು ಬೆರಳು ದೂರಕ್ಕೆ ಹಾಕಿ ಹಿಂದೆ ಸರಿಯಿರಿ. ಐದು ನಿಮಿಷ. ತಿನ್ನದಿದ್ದರೆ ಚಮಚದಿಂದ ಎತ್ತಿಬಿಡಿ, ಸಂಜೆ ಮತ್ತೆ ನೋಡಿ. ಬಾಯಿಗೆ ತೆಗೆದುಕೊಂಡು ಉಗುಳಿತೇ? ಅದು ಒಳ್ಳೆಯ ಸುದ್ದಿ. ಹಸಿವಿದೆ, ಪೆಲೆಟ್ ಗಟ್ಟಿ ಅಥವಾ ದೊಡ್ಡದು ಎಂದರ್ಥ. ತೊಟ್ಟಿಯ ನೀರಿನಲ್ಲೇ ಐದು ನಿಮಿಷ ನೆನೆಸಿ, ಉಗುರಿನಿಂದ ಎರಡು ಹೋಳು ಮಾಡಿ ಹಾಕಿ.

ತಿರುಗಿಯೂ ನೋಡದಿದ್ದರೆ ಅದು ಪೆಲೆಟನ್ನು ಆಹಾರವೆಂದೇ ಗುರುತಿಸದಿರಬಹುದು. ಅನೇಕ ಮೀನುಗಳು ಸಾಕಣೆ ತೊಟ್ಟಿಯಲ್ಲಿ ಜೀವಂತ ಹುಳು ತಿಂದೇ ಬೆಳೆದಿರುತ್ತವೆ. ಮೀನು ಕೊಳ್ಳುವಾಗಲೇ ಇಲ್ಲಿ ಏನು ಹಾಕುತ್ತಿದ್ದೀರಿ ಎಂದು ಅಂಗಡಿಯವರನ್ನು ಕೇಳಿಕೊಳ್ಳಿ, ಅದೇ ಆಹಾರದಿಂದ ಶುರು ಮಾಡಿ. ಬ್ಲಡ್‌ವರ್ಮ್, ಅಂದರೆ ಅಂಗಡಿಯಲ್ಲಿ ಮೀನಿಗೆಂದೇ ಮಾರುವ ಸಣ್ಣ ಕೆಂಪು ಹುಳು, ಒಣಗಿಸಿದ್ದಾದರೆ ಹತ್ತು ನಿಮಿಷ ನೆನೆಸಲೇಬೇಕು, ಒಣದಾಗಿ ನುಂಗಿದರೆ ಹೊಟ್ಟೆಯೊಳಗೆ ಉಬ್ಬುತ್ತದೆ. ಫ್ರೀಜರಿನದಾದರೆ ಚೂರೊಂದನ್ನು ತಣ್ಣೀರಿನಲ್ಲಿ ಕರಗಿಸಿಕೊಳ್ಳಿ. ಟೂತ್‌ಪಿಕ್ ತುದಿಗೆ ಒಂದು ಹುಳು ಅಂಟಿಸಿ ನೀರಿನ ಮೇಲ್ಮೈಯಲ್ಲಿ ಸಣ್ಣಗೆ ಅಲುಗಿಸಿ. ಮೀನು ಮೊದಲು ಕಣ್ಣು ತಿರುಗಿಸುತ್ತದೆ, ಮೈ ಸ್ವಲ್ಪ ಬಾಗಿಸುತ್ತದೆ, ಆಮೇಲೆ ಒಂದೇ ನೆಗೆತ. ಎರಡು ಮೂರು ದಿನ ಹೀಗೆ ತಿಂದರೆ ಅದೇ ಹುಳುವಿನ ರಸದಲ್ಲಿ ಪೆಲೆಟ್ ನೆನೆಸಿ, ಮೊದಲ ತುತ್ತು ಪೆಲೆಟ್, ನಂತರ ಹುಳು ಎಂದು ಕ್ರಮ ಬದಲಿಸಿ.

ಹುಳು ಸಿಗದ ಊರಿನಲ್ಲಿದ್ದರೆ ಒಂದು ಉಪಾಯ. ಕಳಿತ ಬಾಳೆಹಣ್ಣಿನ ತುಂಡನ್ನು ಬಾಟಲಿಯಲ್ಲಿಟ್ಟು, ಬಾಯಿಗೆ ಕಾಗದದ ಆಲಿಕೆ ಸಿಕ್ಕಿಸಿ. ಮರುದಿನಕ್ಕೆ ಹಣ್ಣಿನ ಸಣ್ಣ ನೊಣಗಳು ಒಳಗಿರುತ್ತವೆ. ಬಾಟಲಿಯನ್ನು ಎರಡು ಮೂರು ನಿಮಿಷ ಫ್ರೀಜರಿನಲ್ಲಿಟ್ಟರೆ ಮಂಪರಾಗುತ್ತವೆ, ನಾಲ್ಕೈದನ್ನು ನೀರಿನ ಮೇಲೆ ಉದುರಿಸಿ. ಹಠ ಹಿಡಿದ ಮೀನೂ ಬಾಯಿ ಬಿಡುವುದು ಇದಕ್ಕೆ. ಸೊಳ್ಳೆಮರಿಯೂ ಅದಕ್ಕೆ ಬಲು ಇಷ್ಟ, ನಿಜ. ಆದರೆ ಅದಕ್ಕಾಗಿ ಮನೆಯಲ್ಲಿ ನೀರು ನಿಲ್ಲಿಸಿ ಸೊಳ್ಳೆ ಸಾಕುವುದು ಡೆಂಗ್ಯೂವನ್ನು ಕರೆದು ಮಣೆ ಹಾಕಿದಂತೆ. ಚರಂಡಿಯ ಕೆಂಪು ಹುಳು, ಔಷಧಿ ಹೊಡೆದ ಗದ್ದೆಯ ಹುಳು ಎರಡನ್ನೂ ದೂರವಿಡಿ.

ಬಾಯಿ ಬಿಟ್ಟ ಮೇಲೆ ಲೆಕ್ಕ ತಪ್ಪಬಾರದು. ಬೆಳಗ್ಗೆ ಎರಡು ಪೆಲೆಟ್, ಸಂಜೆ ಎರಡು. ದೊಡ್ಡ ಮೀನಿಗೆ ಮೂರು ಮೂರು. ವಾರಕ್ಕೊಂದು ದಿನ ಏನೂ ಇಲ್ಲ. ಮನೆಯಲ್ಲಿ ಆಹಾರ ಹಾಕುವವರು ಒಬ್ಬರೇ ಇರಲಿ. ಅಜ್ಜಿ ಒಮ್ಮೆ, ಮೊಮ್ಮಗ ಒಮ್ಮೆ ಹಾಕುವ ಮನೆಯ ಮೀನಿಗೆ ಹೊಟ್ಟೆ ಉಬ್ಬರ ತಪ್ಪಿದ್ದಲ್ಲ. ಉಬ್ಬರಿಸಿದರೆ ಎರಡು ದಿನ ಉಪವಾಸ ಹಾಕಿ, ನೀರು ಬೆಚ್ಚಗಿದೆಯೇ ಎಂದು ನೋಡಿಕೊಳ್ಳಿ. ಫಿಲ್ಟರ್ ಇರುವ ತೊಟ್ಟಿಯಲ್ಲೂ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಹೊಸ ನೀರು ಹಳೆಯದರಷ್ಟೇ ಬೆಚ್ಚಗಿರಲಿ.

ನೀರು 26 ಡಿಗ್ರಿ ಇದೆ, ಶುಭ್ರವಾಗಿದೆ, ಹುಳುವನ್ನೂ ತೋರಿಸಿದ್ದೀರಿ, ಒಂದು ವಾರವಾದರೂ ತಿಂದಿಲ್ಲ ಎಂದರೆ ಟಾರ್ಚ್ ಬೆಳಕಿನಲ್ಲಿ ಮೈ ಪರೀಕ್ಷಿಸಿ. ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ, ಚಿನ್ನದ ಧೂಳು ಉದುರಿಸಿದಂಥ ಹೊಳಪು, ಬಿಳಿ ದಾರದಂತೆ ಜೋತುಬೀಳುವ ಮಲ, ಇವು ಪರೋಪಜೀವಿಗಳ ಗುರುತು. ಹೊಟ್ಟೆ ಊದಿ ಹುರುಪೆಗಳು ಎದ್ದು ನಿಂತಿದ್ದರೆ ಒಳಗಿನ ಅಂಗಗಳಿಗೇ ತೊಂದರೆಯಾಗಿದೆ ಎಂದು ತಿಳಿಯಿರಿ. ಕಂಡದ್ದನ್ನು ಮೊಬೈಲಿನಲ್ಲಿ ಫೋಟೊ ಹಿಡಿದು, ನೀರಿನ ಡಿಗ್ರಿಯನ್ನೂ ಬರೆದುಕೊಂಡು ಮೀನಿನ ರೋಗ ಬಲ್ಲವರ ಬಳಿ ಹೋಗಿ. ರೋಗ ಯಾವುದೆಂದು ತಿಳಿಯುವ ಮೊದಲೇ ಅಂಗಡಿಯ ನೀಲಿ ಔಷಧಿ, ಹಳದಿ ಔಷಧಿ ಎರಡನ್ನೂ ಒಟ್ಟಿಗೆ ಸುರಿಯಬೇಡಿ.

ನಮಸ್ಕಾರ.