ಮರಳಿ ಬಂದವರ ಮುಖದ ಮೇಲಿನ ವರ್ಷಗಳು

ಸಭಿಕರೆಲ್ಲರಿಗೂ ನಮಸ್ಕಾರ.

2019ರ ಡಿಸೆಂಬರ್ 25ರ ರಾತ್ರಿ ಬ್ರಿಟನ್ನಿನಲ್ಲಿ ಒಂದು ಕೋಟಿ ಹದಿನಾರು ಲಕ್ಷ ಜನ ಒಂದೇ ಹೊತ್ತಿಗೆ ಒಂದೇ ಕಾರ್ಯಕ್ರಮದ ಮುಂದೆ ಕೂತಿದ್ದರು. ಅದು ಫುಟ್‌ಬಾಲ್ ಪಂದ್ಯವಲ್ಲ, ಅರಮನೆಯ ಮದುವೆಯೂ ಅಲ್ಲ. ಹತ್ತು ವರ್ಷ ಹಿಂದೆ, 2010ರ ಜನವರಿ 1ರಂದು, ಮುಗಿದುಹೋಗಿದ್ದ 'ಗ್ಯಾವಿನ್ ಅಂಡ್ ಸ್ಟೇಸಿ' ಎಂಬ ಹಾಸ್ಯ ಧಾರಾವಾಹಿ ಒಂದೇ ಒಂದು ಕಂತಿಗಾಗಿ ಮರಳಿ ಬಂದಿತ್ತು. ರೆಕಾರ್ಡ್ ಮಾಡಿಟ್ಟುಕೊಂಡು ಆಮೇಲೆ ನೋಡಿದವರನ್ನೂ ಸೇರಿಸಿದರೆ ಒಂದು ವಾರದೊಳಗೆ ಆ ಸಂಖ್ಯೆ ಒಂದು ಕೋಟಿ ಎಪ್ಪತ್ತು ಲಕ್ಷ ದಾಟಿತು. ಆ ದೇಶದ ಜನಸಂಖ್ಯೆಯೇ ಸುಮಾರು ಆರೂವರೆ ಕೋಟಿ ಎಂಬುದನ್ನು ನೆನಪಿಟ್ಟುಕೊಂಡರೆ ನಾಲ್ವರಲ್ಲಿ ಒಬ್ಬರು ನೋಡಿದಂತಾಯಿತು.

ಇಷ್ಟು ಜನ ಬಂದದ್ದು ಯಾಕೆ ಎಂಬುದು ನನ್ನ ಇಂದಿನ ಪ್ರಶ್ನೆಯಲ್ಲ. ಇಷ್ಟವಾದವರು ಮರಳಿ ಬರುತ್ತಾರೆಂದರೆ ಬಾಗಿಲಲ್ಲಿ ನಿಂತು ಕಾಯುವುದು ಸಹಜವೇ. ಹಾಗೆ ಬಂದವರನ್ನು ನೋಡಿ ಅಭಿಮಾನಿಗಳು ಕೆಲವೊಮ್ಮೆ ಕಣ್ತುಂಬಿಕೊಳ್ಳುತ್ತಾರೆ, ಕೆಲವೊಮ್ಮೆ ಮೋಸ ಹೋದವರಂತೆ ಸಿಟ್ಟಾಗುತ್ತಾರೆ. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದು ನನ್ನ ಪ್ರಶ್ನೆ. ಹಾಸ್ಯ ಸಪ್ಪೆಯಾಯಿತು ಎಂಬ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲೇ ಇರುತ್ತದೆ, ಆದರೆ ನನಗೆ ಅದು ಸಾಲದು ಅನಿಸುತ್ತದೆ. ನಡುವೆ ಕಳೆದುಹೋದ ವರ್ಷಗಳನ್ನು ಧಾರಾವಾಹಿ ಏನು ಮಾಡಿತು ಎಂಬುದರ ಮೇಲೆ ಅಭಿಮಾನಿಯ ತೀರ್ಪು ನಿಂತಿದೆ ಎಂಬುದು ನನ್ನ ವಾದ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ನಮ್ಮಲ್ಲಿ ಧಾರಾವಾಹಿ ಎಂದರೆ ಸಾವಿರ ಕಂತು ದಾಟುವ, ಸೋಮವಾರದಿಂದ ಶುಕ್ರವಾರದವರೆಗೆ ಅಡುಗೆಮನೆಯ ಕೆಲಸದೊಂದಿಗೆ ಸಾಗುವ ಕಥೆ. ಬ್ರಿಟಿಷ್ ಹಾಸ್ಯ ಧಾರಾವಾಹಿಯ ಲೆಕ್ಕವೇ ಬೇರೆ. ವರ್ಷಕ್ಕೆ ಆರೋ ಏಳೋ ಕಂತು, ಒಂದೊಂದು ಅರ್ಧ ಗಂಟೆ, ಬಹುತೇಕ ಒಬ್ಬರು ಅಥವಾ ಇಬ್ಬರು ಬರೆದದ್ದು. ಜಗತ್ತೆಲ್ಲ ಹೊಗಳುವ 'ಫಾಲ್ಟಿ ಟವರ್ಸ್' 1975ರಲ್ಲಿ ಆರು, 1979ರಲ್ಲಿ ಆರು, ಒಟ್ಟು ಹನ್ನೆರಡೇ ಕಂತು. 'ಗ್ಯಾವಿನ್ ಅಂಡ್ ಸ್ಟೇಸಿ' 2007ರಿಂದ 2010ರವರೆಗೆ ಬಂದದ್ದು ಇಪ್ಪತ್ತು ಕಂತು. ಇಷ್ಟು ಕಡಿಮೆ ಇರುವುದರಿಂದಲೇ ಅಭಿಮಾನಿ ಅದನ್ನು ಮತ್ತೆ ಮತ್ತೆ ನೋಡುತ್ತಾನೆ, ಯಕ್ಷಗಾನದ ಪ್ರೇಕ್ಷಕನಿಗೆ ಪ್ರಸಂಗದ ಪದ್ಯಗಳು ಬರುವಂತೆ ಅವನಿಗೆ ಮಾತುಗಳು ಬಾಯಿಪಾಠವಾಗಿರುತ್ತವೆ. ಇಂಥವನ ಮುಂದೆ ಇಪ್ಪತ್ತೊಂದನೆಯ ಕಂತು ಇಡುವುದು ಸುಲಭದ ಕೆಲಸವಲ್ಲ.

ಇನ್ನೂ ಒಂದು ತೊಡಕು ಈ ಪ್ರಕಾರದ ಒಳಗೇ ಇದೆ. ಹಾಸ್ಯ ಧಾರಾವಾಹಿಯ ಪಾತ್ರಗಳು ಬದಲಾಗಬಾರದು. ಬದಲಾದರೆ ನಗು ಹುಟ್ಟುವ ಜಾಗವೇ ಹೋಗುತ್ತದೆ. ಜಿಪುಣ ಪ್ರತಿ ವಾರವೂ ಜಿಪುಣನಾಗಿಯೇ ಇರಬೇಕು, ಕನಸುಗಾರನ ಕನಸು ಪ್ರತಿ ವಾರವೂ ಒಡೆಯಬೇಕು. ಆದರೆ ನಟನಿಗೆ ವಯಸ್ಸಾಗುತ್ತದೆ, ಕೆಲವರು ಸಾಯುತ್ತಾರೆ, ನೋಡುವವನ ತಲೆಯೂ ನರೆಯುತ್ತದೆ. ಬದಲಾಗಬಾರದವರು ಬದಲಾಗಲೇಬೇಕಾದ ಕಾಲದಲ್ಲಿ ಮರಳಿ ಬಂದಾಗ ಏನಾಗುತ್ತದೆ ಎಂಬುದಕ್ಕೆ 'ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್' ಒಳ್ಳೆಯ ಉದಾಹರಣೆ.

ಜಾನ್ ಸಲಿವನ್ ಬರೆದ ಈ ಧಾರಾವಾಹಿ 1981ರಲ್ಲಿ ಬಿಬಿಸಿಯಲ್ಲಿ ಶುರುವಾಯಿತು. ದಕ್ಷಿಣ ಲಂಡನ್ನಿನ ಪೆಕಮ್ ಎಂಬ ಬಡಾವಣೆಯ ಎತ್ತರದ ಸರಕಾರಿ ವಸತಿ ಕಟ್ಟಡದಲ್ಲಿ ಡೆಲ್ ಬಾಯ್ ಮತ್ತು ಅವನ ತಮ್ಮ ರಾಡ್ನಿ ಇರುತ್ತಾರೆ. ಸಂತೆಯಲ್ಲಿ ಸೂಟ್‌ಕೇಸ್ ತೆರೆದಿಟ್ಟು ಎಲ್ಲಿಂದ ಬಂತೆಂದು ಹೇಳಲಾಗದ ಸರಕು ಮಾರುವುದು ಅವರ ಕಸುಬು. "ಮುಂದಿನ ವರ್ಷ ಇಷ್ಟೊತ್ತಿಗೆ ನಾವು ಕೋಟ್ಯಧಿಪತಿಗಳು" ಎಂದು ಡೆಲ್ ಹೇಳುತ್ತಲೇ ಇರುತ್ತಾನೆ, ಆ ವರ್ಷ ಬರುವುದೇ ಇಲ್ಲ. ಇಡೀ ಧಾರಾವಾಹಿ ನಿಂತಿರುವುದು ಆ ಒಂದು ಮಾತಿನ ಮೇಲೆ. 1996ರ ಡಿಸೆಂಬರ್ 29ರಂದು, ಕೊನೆಯದೆಂದು ಎಲ್ಲರೂ ತಿಳಿದಿದ್ದ ಕಂತಿನಲ್ಲಿ, ಅವರ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೆಯ ಗಡಿಯಾರವೊಂದು ಹದಿನೆಂಟನೆಯ ಶತಮಾನದ ಹೆಸರಾಂತ ಗಡಿಯಾರ ತಯಾರಕ ಜಾನ್ ಹ್ಯಾರಿಸನ್ ಮಾಡಿದ್ದೆಂದು ಗೊತ್ತಾಗುತ್ತದೆ. ಹರಾಜಿನಲ್ಲಿ ಅದು 62 ಲಕ್ಷ ಪೌಂಡಿಗೆ ಹೋಗುತ್ತದೆ. ಡೆಲ್ ಹರಾಜು ಕೋಣೆಯಲ್ಲೇ ಮೂರ್ಛೆ ಹೋಗುತ್ತಾನೆ. ಹದಿನೈದು ವರ್ಷ ಸುಳ್ಳಾಗುತ್ತಲೇ ಬಂದ ಮಾತು ಒಂದು ಸಂಜೆ ನಿಜವಾದಾಗ ಎರಡು ಕೋಟಿ ನಲವತ್ತಮೂರು ಲಕ್ಷ ಜನ ನೋಡುತ್ತಿದ್ದರು. ಬ್ರಿಟಿಷ್ ಹಾಸ್ಯ ಧಾರಾವಾಹಿಗಳಲ್ಲಿ ಅದು ಇಂದಿಗೂ ದಾಖಲೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. 2001ರ ಕ್ರಿಸ್‌ಮಸ್‌ಗೆ ಅವರು ಮರಳಿ ಬಂದರು. ಎರಡು ಕೋಟಿಗೂ ಹೆಚ್ಚು ಜನ ನೋಡಿದರು, ಅಂದರೆ ಕಾದವರ ಸಂಖ್ಯೆ ಕಡಿಮೆಯಾಗಿರಲಿಲ್ಲ. ಆದರೆ ಬಂದವರು ಎಲ್ಲಿಂದ ಬಂದರು? ಮಧ್ಯ ಅಮೆರಿಕದ ಮಾರುಕಟ್ಟೆ ಕುಸಿದು ದುಡ್ಡೆಲ್ಲ ಹೋಯಿತು, ಅಣ್ಣತಮ್ಮಂದಿರು ಮತ್ತೆ ಅದೇ ಪೆಕಮ್ಮಿನ ಅದೇ ಮನೆಗೆ ಬಂದರು, ಹಳೆಯ ದಿನಗಳು ಮತ್ತೆ ಶುರು. ಕಥೆ ಮುಂದುವರಿಯಬೇಕಾದರೆ ಅವರು ಬಡವರಾಗಲೇಬೇಕಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅಭಿಮಾನಿಯ ಕಡೆಯಿಂದ ನೋಡಿ. ಹದಿನೈದು ವರ್ಷ ಅವನು ಆ ಮನೆಯವರ ಜೊತೆ ಕಾದು ಪಡೆದ ಒಂದು ಸಂಜೆಯನ್ನು ಒಂದು ಸಾಲಿನ ಸುದ್ದಿಯಿಂದ ಅಳಿಸಿಹಾಕಿದಂತಾಯಿತು. ಈ ನಡುವೆ ಅಂಕಲ್ ಆಲ್ಬರ್ಟ್ ಪಾತ್ರ ಮಾಡುತ್ತಿದ್ದ ಬಸ್ಟರ್ ಮೆರಿಫೀಲ್ಡ್ 1999ರಲ್ಲಿ ತೀರಿಕೊಂಡಿದ್ದರು, ಹೆಂಡದಂಗಡಿಯ ಮೈಕ್ ಆಗಿದ್ದ ಕೆನೆತ್ ಮ್ಯಾಕ್‌ಡೊನಾಲ್ಡ್ 2001ರಲ್ಲೇ ತೀರಿಕೊಂಡರು. ಮನೆಯಲ್ಲಿ ಎರಡು ಕುರ್ಚಿ ಖಾಲಿ, ಆದರೆ ಕಥೆ ಮಾತ್ರ ಏನೂ ಆಗಿಲ್ಲವೆಂಬಂತೆ ಹಳೆಯ ಜಾಗಕ್ಕೆ ಬಂದು ಕೂತಿದೆ. 2002, 2003ರಲ್ಲಿ ಬಂದ ಇನ್ನೆರಡು ಕಂತುಗಳ ನಂತರವೂ "ನಮ್ಮ ಪಾಲಿಗೆ ಅದು 1996ರಲ್ಲೇ ಮುಗಿಯಿತು" ಎನ್ನುವ ಅಭಿಮಾನಿಗಳು ಬಹಳ. ಇದನ್ನು ಹಟ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ.

ಕಾಲವನ್ನು ಹಿಂದಕ್ಕೆ ತಿರುಗಿಸುವುದು ಒಂದು ದಾರಿಯಾದರೆ, ಅದೇ ಮಾತನ್ನು ಬೇರೆ ಬಾಯಿಂದ ಆಡಿಸುವುದು ಇನ್ನೊಂದು. 'ಯೆಸ್ ಮಿನಿಸ್ಟರ್' ಅನ್ನು ನಮ್ಮಲ್ಲಿಯೂ ಕೆಲವರು ದೂರದರ್ಶನದಲ್ಲಿ ನೋಡಿದ್ದೀರಿ. ತಾಲೂಕು ಕಚೇರಿಯಲ್ಲಿ ಮುಕ್ಕಾಲು ಆಯುಸ್ಸು ಕಳೆದ ನನ್ನ ತಂದೆಯವರು, ಇಂಗ್ಲಿಷ್ ಅರ್ಧವೇ ಅರ್ಥವಾಗುತ್ತಿದ್ದರೂ, ಅದರಲ್ಲಿ ಸಚಿವನ ಹಿರಿಯ ಅಧಿಕಾರಿಯಾದ ಸರ್ ಹಂಫ್ರಿ ಕಡತವನ್ನು ಮುಟ್ಟದೆಯೇ ಹೂತುಹಾಕುವ ಪರಿಗೆ ನಮಗಿಂತ ಮೊದಲು ನಗುತ್ತಿದ್ದರು. ಆ ಸಚಿವನಾಗಿದ್ದ ನಟ ಪಾಲ್ ಎಡಿಂಗ್ಟನ್ 1995ರಲ್ಲಿ, ಹಂಫ್ರಿಯಾಗಿದ್ದ ನೈಜಲ್ ಹಾಥಾರ್ನ್ 2001ರಲ್ಲಿ ತೀರಿಕೊಂಡರು. 2013ರಲ್ಲಿ ಅದರ ಮುಂದುವರಿಕೆಯಾದ 'ಯೆಸ್, ಪ್ರೈಮ್ ಮಿನಿಸ್ಟರ್' ಮೂಲ ಲೇಖಕರಾದ ಆಂಟನಿ ಜೇ ಮತ್ತು ಜಾನಥನ್ ಲಿನ್ ಅವರ ಬರಹದಲ್ಲೇ, ಆದರೆ ಹೊಸ ನಟರೊಂದಿಗೆ, ಗೋಲ್ಡ್ ವಾಹಿನಿಯಲ್ಲಿ ಮರಳಿತು. ಆರು ಕಂತಿಗೆ ನಿಂತಿತು. ಹೊಸಬರು ಕೆಟ್ಟ ನಟರಲ್ಲ. ಹಂಫ್ರಿಯ ಉದ್ದನೆಯ ವಾಕ್ಯ ಒಂದು ನಿರ್ದಿಷ್ಟ ಗಂಟಲಿನಲ್ಲಿ ಅಭಿಮಾನಿಯ ಕಿವಿಯೊಳಗೆ ಕೂತುಬಿಟ್ಟಿತ್ತು, ಅಷ್ಟೇ.

'ರೆಡ್ ಡ್ವಾರ್ಫ್' ವಿಷಯದಲ್ಲಿ ನಟರು ಅವರೇ ಇದ್ದರು. ರಾಬ್ ಗ್ರಾಂಟ್ ಮತ್ತು ಡಗ್ ನೇಲರ್ 1988ರಲ್ಲಿ ಶುರುಮಾಡಿದ ಈ ಬಾಹ್ಯಾಕಾಶದ ಹಾಸ್ಯ 1999ರಲ್ಲಿ, ಎಂಟನೆಯ ಸರಣಿಯ ಕೊನೆಯಲ್ಲಿ, ಅರ್ಧಕ್ಕೆ ನಿಂತಿತು. ಪರದೆಯ ಮೇಲೆ "ಮುಗಿಯಿತು" ಎಂದು ಬರೆದು, ಅದರ ಬೆನ್ನಿಗೇ ಅವರದೇ ಸ್ವಂತ ಬೈಗುಳವಾದ 'ಸ್ಮೆಗ್' ಸೇರಿಸಿ, ಕನ್ನಡದಲ್ಲಾದರೆ "ಮುಗಿಯಿತಂತೆ ಮಣ್ಣಾಂಗಟ್ಟಿ" ಎನ್ನುವ ಧಾಟಿಯಲ್ಲಿ ಇನ್ನೊಂದು ಸಾಲು ಹಾಕಿದ್ದರು. ಅದನ್ನು ಮಾತು ಕೊಟ್ಟಂತೆ ತಿಳಿದು ಅಭಿಮಾನಿಗಳು ಹತ್ತು ವರ್ಷ ಕಾದರು. 2009ರ ಈಸ್ಟರ್‌ನಲ್ಲಿ ಡೇವ್ ಎಂಬ ಸಣ್ಣ ವಾಹಿನಿಯಲ್ಲಿ ಮೂರು ಭಾಗ ಬಂದವು. ಮೊದಲ ರಾತ್ರಿಯೇ ಇಪ್ಪತ್ತು ಲಕ್ಷ ದಾಟಿ ಆ ವಾಹಿನಿಗೆ ಅದುವರೆಗೆ ಕಾಣದ ಸಂಖ್ಯೆ ಸಿಕ್ಕಿತು. ಕಥೆಯೂ ಜಾಣತನದ್ದೇ. ಪಾತ್ರಗಳು ಭೂಮಿಗೆ ಬಂದು ತಾವು ಟಿವಿಯ ಪಾತ್ರಗಳಷ್ಟೇ ಎಂದು ಕಂಡುಕೊಳ್ಳುತ್ತವೆ, ದಾರಿಯಲ್ಲಿ ತಮ್ಮ ಅಭಿಮಾನಿಗಳನ್ನೇ ಭೇಟಿಯಾಗುತ್ತವೆ.

ಆದರೂ ಹಲವರಿಗೆ ಏನೋ ಕೊರತೆ ಕಾಡಿತು. ಸ್ಟುಡಿಯೊದಲ್ಲಿ ಕೂತ ಪ್ರೇಕ್ಷಕರ ನಗು ಈ ಬಾರಿ ಇರಲಿಲ್ಲ. ಅದು ಸಣ್ಣ ಸಂಗತಿಯೆಂದು ತೋರಬಹುದು, ಆದರೆ ಇಂಥ ಧಾರಾವಾಹಿಯ ಉಸಿರು ಅಲ್ಲೇ ಇರುತ್ತದೆ. ಎದುರಿಗೆ ಇನ್ನೂರು ಮುನ್ನೂರು ಜನ ಕೂತಿದ್ದಾಗ ನಟ ಮಾತು ಬಿಟ್ಟು ನಿಲ್ಲುತ್ತಾನೆ, ನಗು ಏರುವವರೆಗೆ ಕಾಯುತ್ತಾನೆ, ಇಳಿಯುವ ಹೊತ್ತಿಗೆ ಮುಂದಿನ ಮಾತು ಹಾಕುತ್ತಾನೆ. ಆ ಕಾಯುವಿಕೆಯಲ್ಲಿ ಹುಬ್ಬೊಂದು ಏರುತ್ತದೆ, ಅದಕ್ಕೆ ಎರಡನೆಯ ನಗು ಬರುತ್ತದೆ. ಮದ್ದಳೆ ಇಲ್ಲದೆ ಭಾಗವತರು ಹಾಡಿದರೆ ಪದ್ಯ ಅದೇ ಇರುತ್ತದೆ, ಕುಣಿತಕ್ಕೆ ಮಾತ್ರ ಕಾಲು ಏಳುವುದಿಲ್ಲ. 2012ರಲ್ಲಿ ಹತ್ತನೆಯ ಸರಣಿ ಬಂದಾಗ ಪ್ರೇಕ್ಷಕರನ್ನು ಮತ್ತೆ ಸ್ಟುಡಿಯೊಕ್ಕೆ ಕರೆಸಿದರು. ನಟರ ಹೊಟ್ಟೆ ಮುಂದೆ ಬಂದಿತ್ತು, ಮುಖ ಇಳಿದಿತ್ತು. ಆ ಬಗ್ಗೆ ಯಾರೂ ತಕರಾರು ಮಾಡಿದಂತಿಲ್ಲ. ಕಳೆದುಹೋದ ಲಯ ಸಿಕ್ಕಿತಲ್ಲ, ಮುಖದ ವಯಸ್ಸು ಕ್ಷಮ್ಯವಾಯಿತು.

ಈಗ ಮೊದಲು ಹೇಳಿದ ಮನೆಗೆ ಮರಳೋಣ. ಜೇಮ್ಸ್ ಕಾರ್ಡನ್ ಮತ್ತು ರೂತ್ ಜೋನ್ಸ್ ಬರೆದು ತಾವೂ ನಟಿಸಿದ 'ಗ್ಯಾವಿನ್ ಅಂಡ್ ಸ್ಟೇಸಿ'ಯ ಕಥೆ ಹೇಳಲು ಏನೂ ಇಲ್ಲ. ಎಸೆಕ್ಸ್‌ನ ಬಿಲರಿಕಿ ಎಂಬ ಊರಿನ ಹುಡುಗ, ವೇಲ್ಸ್‌ನ ಕಡಲತಡಿಯ ಬ್ಯಾರಿ ಎಂಬ ಊರಿನ ಹುಡುಗಿ, ಮದುವೆ, ಎರಡೂ ಕಡೆಯ ಬೀಗರು. ಹುಡುಗನ ಗೆಳೆಯ ಸ್ಮಿಥಿ ಮನೆಗೆ ಊಟ ತರಿಸುವಾಗ ಚಿಕನ್ ಭುನಾ, ಲ್ಯಾಂಬ್ ಭುನಾ, ಪ್ರಾನ್ ಭುನಾ, ಇಷ್ಟರ ಮೇಲೆ ಒಂಬತ್ತು ಹಪ್ಪಳ ತನಗೊಬ್ಬನಿಗೇ ಹೇಳುವ ದೃಶ್ಯವನ್ನು ಅಲ್ಲಿನವರು ಮಂತ್ರದಂತೆ ಒಪ್ಪಿಸುತ್ತಾರೆ. ಒಂಬತ್ತು ಹಪ್ಪಳ ನಮ್ಮ ಮದುವೆಮನೆಗಳಲ್ಲಿ ದೊಡ್ಡ ಸಾಧನೆಯೇನಲ್ಲ, ಆದರೆ ಅದಿರಲಿ. ಹುಡುಗಿಯ ಗೆಳತಿ ನೆಸ್ಸಾ ಬ್ಯಾರಿ ಐಲೆಂಡಿನ ಜೂಜುಯಂತ್ರಗಳ ಅಂಗಡಿಯಲ್ಲಿ ಕೂರುವವಳು. ಎದುರಿಗೆ ಯಾರೇ ಬರಲಿ, "ವಾಟ್ಸ್ ಅಕರಿಂಗ್?" ಎನ್ನುತ್ತಾಳೆ. "ಏನ್ ಸಮಾಚಾರ?" ಎಂದಷ್ಟೇ ಅದರ ಅರ್ಥ.

2019ರಲ್ಲಿ ಮರಳಿದಾಗ ಲೇಖಕರು ಕಾಲವನ್ನು ಮುಚ್ಚಿಡಲಿಲ್ಲ. ಗ್ಯಾವಿನ್ ಮತ್ತು ಸ್ಟೇಸಿಗೆ ಮೂವರು ಮಕ್ಕಳು. ಮೊದಲಿನ ಹುರುಪು ಎಲ್ಲಿ ಹೋಯಿತೆಂದು ಸ್ಟೇಸಿ ಚಿಂತಿಸುತ್ತಾಳೆ. ಹೊದಿಕೆಯಲ್ಲಿ ಸುತ್ತಿದ್ದ ನೆಸ್ಸಾ ಮತ್ತು ಸ್ಮಿಥಿಯ ಮಗು ಈಗ ದೊಡ್ಡ ಹುಡುಗ. ಪಕ್ಕದ ಮನೆಯ ಮುದುಕಿ ಡೋರಿಸ್ ಆಗಿದ್ದ ಮಾರ್ಗರೆಟ್ ಜಾನ್ 2011ರಲ್ಲಿ ತೀರಿಕೊಂಡಿದ್ದರು. ಆ ಜಾಗಕ್ಕೆ ಇನ್ನೊಬ್ಬರನ್ನು ತರಲಿಲ್ಲ. ಸ್ಟೇಸಿಯ ತಂದೆಯ ಸೋದರ ಅಂಕಲ್ ಬ್ರಿನ್ ಮಾತ್ರ ಎಲ್ಲರಿಗೂ ಕ್ರಿಸ್‌ಮಸ್ ಅಡುಗೆ ಮಾಡುವ ಹೊಣೆ ಹೊತ್ತು ಅಡುಗೆಮನೆಯಲ್ಲಿ ಮೊದಲಿನಷ್ಟೇ ಗಾಬರಿಯಾಗುತ್ತಾರೆ. ಸ್ವಭಾವ ಬದಲಾಗಿಲ್ಲ, ಬದುಕು ಬದಲಾಗಿದೆ. ಅಭಿಮಾನಿ ತನ್ನ ಮನೆಯ ಸೋಫಾದ ಮೇಲೆ ಕೂತು ತನಗೂ ಹತ್ತು ವರ್ಷವಾಯಿತೆಂದು ಕಂಡುಕೊಂಡದ್ದು ಇಲ್ಲಿ. ನಕ್ಕವರು ಅತ್ತದ್ದೂ ಅದಕ್ಕೇ ಇರಬೇಕು.

ಕಾಲ ನೋಡುವವರ ಕಿವಿಯನ್ನೂ ಬದಲಿಸಿತ್ತು. ಅದೇ ಕಂತಿನಲ್ಲಿ ನೆಸ್ಸಾ ಮತ್ತು ಬ್ರಿನ್ ಹಾಡಿದ ಹಳೆಯ ಕ್ರಿಸ್‌ಮಸ್ ಹಾಡೊಂದರಲ್ಲಿ ಸಲಿಂಗಿಗಳನ್ನು ಹೀಯಾಳಿಸುವ ಪದವಿತ್ತು. ಎಂಟುನೂರಕ್ಕೂ ಹೆಚ್ಚು ದೂರುಗಳು ಪ್ರಸಾರ ನಿಯಂತ್ರಕರಿಗೆ ಹೋದವು. ದೂರು ಕೊಟ್ಟವರಲ್ಲಿ ಅಭಿಮಾನಿಗಳೂ ಇದ್ದಿರಲಾರರೆಂದು ಹೇಳುವಂತಿಲ್ಲ. ಪ್ರೀತಿಯ ಮನೆಯಲ್ಲಿ ಕೇಳಿದ ಕೆಟ್ಟ ಮಾತು ಹೆಚ್ಚು ಚುಚ್ಚುತ್ತದೆ.

ಆ ರಾತ್ರಿಯ ಕೊನೆಗೆ ನೆಸ್ಸಾ ಬೀದಿಯಲ್ಲಿ ಒಂದು ಮಂಡಿಯೂರಿ ಸ್ಮಿಥಿಯನ್ನು ಮದುವೆಯಾಗುವೆಯಾ ಎಂದು ಕೇಳಿದಳು. ಅವನ ಉತ್ತರ ಬರುವ ಮೊದಲೇ ಪರದೆ ಕಪ್ಪಾಯಿತು. ಉತ್ತರಕ್ಕೆ ಐದು ವರ್ಷ. 2024ರ ಶರತ್ಕಾಲದಲ್ಲಿ ಬ್ಯಾರಿಯ ಟ್ರಿನಿಟಿ ಸ್ಟ್ರೀಟ್ ಎಂಬ ಏರು ರಸ್ತೆಯಲ್ಲಿ ಚಿತ್ರೀಕರಣ ನಡೆಯುವಾಗ ಜನ ಬಂದು ನಿಂತು ನೋಡಿದರು. ಅದು ನಿಜವಾದ ಜನ ವಾಸಿಸುವ ಬೀದಿ, ವರ್ಷವಿಡೀ ಅಭಿಮಾನಿಗಳು ಬಂದು ಬಾಗಿಲ ಮುಂದೆ ಫೋಟೊ ತೆಗೆಸಿಕೊಳ್ಳುವ ಬೀದಿ. ಆ ವರ್ಷದ ಕ್ರಿಸ್‌ಮಸ್ ರಾತ್ರಿ ಒಂದು ಕೋಟಿ ಇಪ್ಪತ್ತಮೂರು ಲಕ್ಷ ಜನ ಕೊನೆಯ ಕಂತು ನೋಡಿದರು. ಸ್ಮಿಥಿ ಬೇರೊಬ್ಬಳನ್ನು ಮದುವೆಯಾಗಲು ಹೊರಟಿರುತ್ತಾನೆ, ನೆಸ್ಸಾ ಹಡಗು ಹತ್ತಲು ಹೊರಟಿರುತ್ತಾಳೆ. 2010ರಲ್ಲಿ ನೆಸ್ಸಾಳ ಮದುವೆಯನ್ನು ಸ್ಮಿಥಿ ನಿಲ್ಲಿಸಿದ್ದನ್ನು ಬಾಯಿಪಾಠ ಮಾಡಿದವರಿಗೆ ಈ ಬಾರಿ ಯಾವ ಮದುವೆ ಮುರಿಯುತ್ತದೆಂದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಕಾದರು. ಸ್ಮಿಥಿ ಮತ್ತು ನೆಸ್ಸಾರ ಮದುವೆಯಾಯಿತು.

ಒಂದು ವಿಷಯ ಮಾತ್ರ ಉಳಿಯಿತು. ಬ್ರಿನ್ ತಮ್ಮ ಸೋದರನ ಮಗ ಜೇಸನ್‌ನೊಂದಿಗೆ ಹಿಂದೊಮ್ಮೆ ಮೀನು ಹಿಡಿಯಲು ಹೋಗಿದ್ದರು. ಅಲ್ಲಿ ಏನೋ ನಡೆಯಿತು. ಮಾತು ಆ ಕಡೆ ತಿರುಗಿದೊಡನೆ ಇಬ್ಬರೂ ತಲೆ ತಗ್ಗಿಸುತ್ತಾರೆ, ಮೊದಲ ಸರಣಿಯಿಂದಲೂ ಹೀಗೆಯೇ. ಕೊನೆಯ ಕಂತಿನಲ್ಲಾದರೂ ಹೇಳಿಯೇ ಹೇಳುತ್ತಾರೆಂದು ಇಡೀ ದೇಶ ಕಿವಿ ನಿಮಿರಿಸಿ ಕೂತಿತ್ತು. ಹೇಳಲಿಲ್ಲ. ಮರುದಿನ ಜನ ಒಬ್ಬರಿಗೊಬ್ಬರು ದೂರಿಕೊಂಡದ್ದು ಅದನ್ನೇ, ಆದರೆ ಆ ದೂರಿನಲ್ಲಿ ಸಿಟ್ಟಿಗಿಂತ ಖುಷಿಯೇ ಹೆಚ್ಚಿದ್ದಂತಿತ್ತು.