ಕಾಡು ಕಡಿಯದೇ ಬಿಟ್ಟರೆ ದುಡ್ಡು ಬರುತ್ತಾ? ಒಂದು ಟೇಪು, ಎರಡು ದೋಸೆ, ಒಂದು ಗುಡ್ಡೆ ಹಿಕ್ಕೆ

(ದೃಶ್ಯ: ಗುಡ್ಡದ ಕಾಲುದಾರಿ. ನಿರೂಪಕನ ಕೈಯಲ್ಲಿ ಅಳತೆ ಟೇಪು.)

ನಮಸ್ಕಾರ. ಜಗಳೂರು ಕಡೆಯ ಒಬ್ಬ ಅಣ್ಣ ಕೇಳಿದ್ದಾರೆ: "ಗಿಡ ನೆಟ್ಟವರಿಗೆ ಕಾರ್ಬನ್ ದುಡ್ಡು ಬರುತ್ತೆ ಅಂತಾರೆ. ನಮ್ಮ ಗುಡ್ಡದ ಕಾಡು ತಾತನ ಕಾಲದಿಂದ ಇದೆ. ಅದನ್ನ ಕಡಿಯದೆ ಸುಮ್ನೆ ಬಿಟ್ಟಿದ್ದಕ್ಕೆ ಏನೂ ಇಲ್ವಾ?"

ಒಳ್ಳೇ ಪ್ರಶ್ನೆ. ಎರಡು ದಿನ ನನಗೆ ನಿದ್ದೆ ಬರಲಿಲ್ಲ.

ಬೇಗ ಹೇಳಿಬಿಡುತ್ತೇನೆ. ಕಾರ್ಬನ್ ದುಡ್ಡು ಬರೋದು ಕ್ರೆಡಿಟ್ ಮಾರಿ. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಕಾರ್ಬನ್ ಡೈಆಕ್ಸೈಡ್. ಅಷ್ಟು ಹೊಗೆ ಗಾಳಿಗೆ ಸೇರದಂತೆ ತಡೆದಿದ್ದೀರಿ ಅಂತ ಒಂದು ಸಂಸ್ಥೆ ಮುದ್ರೆ ಒತ್ತಬೇಕು. ಆ ಕಾಗದವನ್ನು ಯಾವುದೋ ಕಂಪನಿ ತಾನು ಬಿಟ್ಟ ಹೊಗೆಯ ಲೆಕ್ಕ ಸರಿದೂಗಿಸಲು ಕೊಳ್ಳುತ್ತದೆ. ಈ ಮುದ್ರೆ ಒತ್ತುವವರಲ್ಲಿ ದೊಡ್ಡ ಹೆಸರು ಅಮೆರಿಕದ ವೆರಾ.

(ಟೇಪನ್ನು ಮರಕ್ಕೆ ಸುತ್ತುತ್ತಾ)

ಇದು ಕಮರ. ಇದರ ಕಟ್ಟಿಗೆ ನೀರಿಗೆ ಹಾಕಿದರೆ ತೇಲಲ್ಲ, ಮುಳುಗುತ್ತದೆ. ನೆಲದಿಂದ ನಾಲ್ಕೂವರೆ ಅಡಿ ಮೇಲೆ ಟೇಪು ಸುತ್ತಬೇಕು. ಸುತ್ತಳತೆ, ಎತ್ತರ, ಕಟ್ಟಿಗೆ ಎಷ್ಟು ಗಟ್ಟಿ, ಇವನ್ನು ಸೂತ್ರಕ್ಕೆ ಹಾಕಿದರೆ ಮರದ ಒಣ ತೂಕ ಸಿಗುತ್ತದೆ. 1000 ಕೆ.ಜಿ. ಬಂತು ಅಂದುಕೊಳ್ಳಿ. ಅದರಲ್ಲಿ ಕಾರ್ಬನ್ ಸುಮಾರು 470 ಕೆ.ಜಿ. ಅದು ಪೂರ್ತಿ ಸುಟ್ಟರೆ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 1720 ಕೆ.ಜಿ. ಮರಕ್ಕಿಂತ ಅದರ ಹೊಗೆಯೇ ಭಾರ! ಉರಿಯುವಾಗ ಕಾರ್ಬನ್ ಗಾಳಿಯಲ್ಲಿರುವ ಆಕ್ಸಿಜನ್ ಎಳೆದುಕೊಳ್ಳುತ್ತದೆ, 12 ಗ್ರಾಂ ಇದ್ದದ್ದು 44 ಆಗುತ್ತದೆ.

ಹಾಗಾದರೆ ಈ ಮರಕ್ಕೆ ಒಂದೂ ಮುಕ್ಕಾಲು ಕ್ರೆಡಿಟ್ಟಾ? ಅಲ್ಲ. ಇಲ್ಲೇ ಇರೋದು ಮಜಾ.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲಿಗೆ ಹೋಗುತ್ತೇನೆ ಅಂತಿಟ್ಟುಕೊಳ್ಳಿ. ಎರಡು ದೋಸೆ ತಿಂದು, ಕೈ ತೊಳೆದು, ಗಲ್ಲಾದ ಮುಂದೆ ನಿಂತು, "ಅಣ್ಣಾ, ನಾಲ್ಕು ತಿನ್ನೋನಿದ್ದೆ, ಎರಡು ಉಳಿಸಿದೀನಿ. ಉಳಿದ ಬೆಣ್ಣೆ ದುಡ್ಡು ಕೊಡಿ" ಅಂದರೆ? ಕಾವಲಿ ಹತ್ತಿರ ಇರೋರು ಸಟ್ಟುಗ ಹಿಡಕೊಂಡೇ ಆಚೆ ಬರುತ್ತಾರೆ. ಆದರೆ ಕಾಡಿನ ಕ್ರೆಡಿಟ್ ನಿಂತಿರುವುದೇ ಈ ಮಾತಿನ ಮೇಲೆ. ಕಾಡು ಎಷ್ಟಿದೆ ಅನ್ನುವುದಕ್ಕಲ್ಲ ದುಡ್ಡು. ನೀವು ಕಾಪಾಡದಿದ್ದರೆ ಎಷ್ಟು ಹೋಗಿರುತ್ತಿತ್ತು ಅನ್ನುವುದಕ್ಕೆ. ನಾಲ್ಕು ತಿನ್ನೋನಿದ್ದೆ ಅಂತ ಹೇಳುವವನೂ ನಾನೇ, ಲೆಕ್ಕ ಬರೆಯುವವನೂ ನಾನೇ ಆದರೆ ಆರು ಅಂತ ಯಾಕೆ ಬರೆಯಬಾರದು?

ಆಗಿದ್ದೂ ಹಾಗೇ ಅಂತ ಆರೋಪ. 2023ರ ಜನವರಿಯಲ್ಲಿ ಗಾರ್ಡಿಯನ್ ಮತ್ತು ಜರ್ಮನಿಯ ಡೈ ಝೈಟ್ ಪತ್ರಿಕೆಗಳು, ವೆರಾ ಮುದ್ರೆ ಒತ್ತಿದ ಮಳೆಕಾಡಿನ ಕ್ರೆಡಿಟ್‌ಗಳಲ್ಲಿ 90%ಕ್ಕಿಂತ ಜಾಸ್ತಿ ಪೊಳ್ಳಿರಬಹುದು ಅಂತ ಬರೆದವು. ವೆರಾ ಒಪ್ಪಲಿಲ್ಲ. ಆದರೆ ಅದೇ ವರ್ಷ ನವೆಂಬರಿನಲ್ಲಿ ಹೊಸ ವಿಧಾನ ತಂದಿತು. ಅದರ ಅರ್ಥ: ನೀನೆಷ್ಟು ತಿಂತಿದ್ದೆ ಅಂತ ನೀನು ಹೇಳಬೇಡ, ನಿಮ್ಮ ಓಣಿಯವರೆಲ್ಲ ಎಷ್ಟು ತಿಂತಾರೆ ಅಂತ ನೋಡಿ ನಾವೇ ಹೇಳ್ತೀವಿ.

ಈಗ ರಂಗಯ್ಯನದುರ್ಗ ನೋಡಿ. ಜಗಳೂರು ತಾಲ್ಲೂಕಿನ ಈ ಕಾಡು 2011ರಿಂದ ಕೊಂಡುಕುರಿ ಅನ್ನುವ ಸಣ್ಣ ಹುಲ್ಲೆಯ ವನ್ಯಜೀವಿ ಧಾಮ. ಕೊಡಲಿ ಹಾಕುವುದೇ ಅಪರಾಧ. ಹಾಗಿದ್ದ ಮೇಲೆ "ಕಡಿಯೋನಿದ್ದೆ, ಬಿಟ್ಟೆ" ಅಂತ ಯಾರು ಹೇಳೋದು? ಮೊದಲಿಂದ ಕಾಪಾಡಿದವರಿಗೆ ಹೆಚ್ಚೂಕಮ್ಮಿ ಸೊನ್ನೆ, ಕೊಡಲಿ ಮಸೆದು ಇಟ್ಟವರಿಗೆ ದುಡ್ಡು. ನನಗಂತೂ ಇದು ಸರಿ ಕಾಣಲ್ಲ.

(ದೃಶ್ಯ: ನೆಲದ ಮೇಲೆ ಕಪ್ಪು ಹಿಕ್ಕೆಗಳ ಗುಡ್ಡೆ.)

ಊಟ ಮಾಡುತ್ತಿದ್ದರೆ ಕ್ಷಮಿಸಿ. ಕಾಡಿನ ಪ್ರಾಣಿಗಳಿಗೂ ಮುದ್ರೆ ಇದೆ. ವೆರಾದವರದ್ದೇ ಸಿಸಿಬಿ ಅನ್ನುವ ಮಾನದಂಡ; ಹವಾಮಾನ, ಊರಿನ ಜನ, ಜೀವವೈವಿಧ್ಯ ಮೂರನ್ನೂ ನೋಡುವಂಥದ್ದು. ಅದರಲ್ಲಿ ಜೀವವೈವಿಧ್ಯಕ್ಕೆ ಗೋಲ್ಡ್ ದರ್ಜೆ ಸಿಗಲು ಒಂದು ದಾರಿ ಅಪಾಯದಲ್ಲಿರುವ ಪ್ರಾಣಿ. ಪ್ರಕೃತಿ ಸಂರಕ್ಷಣೆಯ ಜಾಗತಿಕ ಒಕ್ಕೂಟ ಐಯುಸಿಎನ್‌ನ ಪಟ್ಟಿಯಲ್ಲಿ ಹುಲಿಯಂಥ ತೀರಾ ಅಪಾಯದ ಪ್ರಾಣಿಯಾದರೆ ಒಂದೇ ಒಂದು ಇದ್ದರೂ ಸಾಕು. ಕೊಂಡುಕುರಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ವಲ್ನರಬಲ್, ಅಂದರೆ ಅಪಾಯದ ಅಂಚಿನಲ್ಲಿರುವುದು. ಹಾಗಾಗಿ ಕನಿಷ್ಠ 30 ಇರಬೇಕು, ಅಥವಾ 10 ಜೋಡಿ.

ಎಣಿಸೋದು ಹೇಗೆ? ಗಂಡಿಗೆ ನಾಲ್ಕು ಕೊಂಬು, ಆದರೆ ಮಹಾ ನಾಚಿಕೆಯ ಪ್ರಾಣಿ. ಒಂಟಿಯಾಗಿ ಇಲ್ಲ ಜೋಡಿಯಾಗಿ ಓಡಾಡುತ್ತದೆ, ಹುಲ್ಲಲ್ಲಿ ಬಗ್ಗಿದರೆ ಮುಗೀತು. ಕಣ್ಣಿಗೆ ಸಿಗೋದು ಹಿಕ್ಕೆ ಮಾತ್ರ. ಅದೂ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಾಕುತ್ತದೆ, ಶೌಚಾಲಯ ಕಟ್ಟಿಸಿಕೊಂಡ ಹಾಗೆ! ಹಾಗಾಗಿ 30 ಗುಡ್ಡೆ ಸಿಕ್ಕರೆ 30 ಕೊಂಡುಕುರಿ ಅಂತಲ್ಲ. ಒಂದೇ ಪುಣ್ಯಾತ್ಮನದ್ದು ನಾಲ್ಕೈದು ಇರಬಹುದು. ಅದಕ್ಕೇ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಮುಂದೆ ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ, ಕಟ್ಟಿ ತಿಂಗಳುಗಟ್ಟಲೆ ಕಾಯೋದು.

ಟೈಮ್ ಆಯ್ತು, ಉಳಿದದ್ದು ಒಟ್ಟಿಗೆ. ಈ ಗುಡ್ಡಕ್ಕೆ ಬೇಲಿ ಹಾಕಿದರೆ ಕುರಿ ಹಟ್ಟಿಯವರು ಪಕ್ಕದ ಗುಡ್ಡಕ್ಕೆ ಹೋಗುತ್ತಾರೆ, ಅಲ್ಲಾಗುವ ನಷ್ಟವನ್ನು ಇಲ್ಲಿನ ಕ್ರೆಡಿಟ್‌ನಲ್ಲಿ ಕಳೆಯಬೇಕು. ಬೇಸಿಗೆಯಲ್ಲಿ ಬೆಂಕಿ ಬಿದ್ದರೆ ಅಂತ ಒಂದಷ್ಟು ಕ್ರೆಡಿಟ್ ಮಾರದೆ ತೆಗೆದಿಡಬೇಕು. ಇನ್ನು ನಮ್ಮ ದೇಶದಲ್ಲಿ ಇದು ಆಗಿದೆಯಾ? ಆಗಿದೆ, ಮೇಘಾಲಯದ ಖಾಸಿ ಬೆಟ್ಟದಲ್ಲಿ. ಅಲ್ಲಿ ಮುದ್ರೆ ಪ್ಲಾನ್ ವಿವೋ ಅನ್ನುವ ಸಂಸ್ಥೆಯದ್ದು, ಕಾಡು ಊರಿನವರದ್ದೇ.

ಅಣ್ಣಾ, ನಿಮ್ಮ ಗುಡ್ಡ ರಿಸರ್ವ್ ಫಾರೆಸ್ಟ್ ಆಗಿದ್ದರೆ ಅದು ಇಲಾಖೆಯದ್ದು. ಹೊಲದ ಬದುವಿನ ಕಮರ ನಿಮ್ಮದೇ, ಆದರೆ ಒಂದೂ ಮುಕ್ಕಾಲು ಕ್ರೆಡಿಟ್ಟು ಪೂರ್ತಿ ಸಿಕ್ಕರೂ, ಲೆಕ್ಕ ನೋಡೋಕೆ ಬರುವ ಆಡಿಟರ್ ಬಸ್ ಚಾರ್ಜೂ ಹುಟ್ಟಲ್ಲ. ಹೊಲದ ಅಂಚಲ್ಲಿ ಇಂಥ ಹಿಕ್ಕೆ ಗುಡ್ಡೆ ಕಂಡರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ಕಳಿಸಿ. ಮೇಕೆದಾ, ಕೊಂಡುಕುರಿದಾ, ಗೊತ್ತಿರೋರನ್ನ ಕೇಳಿ ಹೇಳುತ್ತೇನೆ.